ವಿಶ್ವವಿದ್ಯಾಲಯದ ಗ್ರಂಥಾಲಯವೂ ಸಂಶೋಧನ ದತ್ತಸಂಚಯಗಳೂ

ನಮ್ಮ ವಿಭಾಗದಲ್ಲಿ ಪಿಎಚ್.ಡಿ. ಪದವಿಗಾಗಿ ಅಭ್ಯಾಸ ಮಾಡುತ್ತಿದ್ದ ಅಧ್ಯಾಪಕಿಯೊಬ್ಬರು ತಮ್ಮ ಪ್ರಬಂಧದ ಮೊದಲ ಅಧ್ಯಾಯವನ್ನು ನಮ್ಮ ಮುಂದೆ ತಂದಿರಿಸಿದಾಗ, ಅದರ ಎರಡನೆಯ ಪುಟದಲ್ಲಿದ್ದ ಒಂದು ವಾಕ್ಯದ ಮೇಲೆ ನಮ್ಮ ದೃಷ್ಟಿ ನಿಂತಿತು. ಹಳೆಯ ಮೈಸೂರು ಸೀಮೆಯಲ್ಲಿ ಕೆರೆಗಳ ನಿರ್ಮಾಣಕ್ಕೂ ಜೀರ್ಣೋದ್ಧಾರಕ್ಕೂ ಬಿಟ್ಟ ದತ್ತಿಗಳನ್ನು ಕುರಿತು ಇದುವರೆಗೆ ಯಾರೂ ವ್ಯವಸ್ಥಿತವಾಗಿ ಬರೆದಿಲ್ಲ ಎಂಬುದೇ ಆ ವಾಕ್ಯ. ಇದನ್ನು ತಾವು ಹೇಗೆ ನಿಶ್ಚಯಿಸಿದಿರಿ ಎಂದು ಕೇಳಿದೆವು. ಅಂತರ್ಜಾಲದಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ ಎಂದು ಅವರು ಉತ್ತರ ಕೊಟ್ಟರು. ಯಾವ ಪದಗಳಿಂದ ಹುಡುಕಿದಿರಿ ಎಂಬ ಪ್ರಶ್ನೆಗೆ, ಮೈಸೂರು ಎಂಬ ಹೆಸರನ್ನು ಇಂದಿನ ರೋಮನ್ ಕಾಗುಣಿತದಲ್ಲಿ ಬರೆದು, ಅದರ ಜೊತೆಗೆ ಕೆರೆ ಎಂಬ ಪದವನ್ನು ಇಟ್ಟುದಾಗಿ ಹೇಳಿದರು. ಅವರು ಹುಡುಕಿದ್ದು ಸಾರ್ವಜನಿಕ ಶೋಧಯಂತ್ರದಲ್ಲಿ; ಗ್ರಂಥಾಲಯವು ಹಣ ತೆತ್ತು ಪಡೆದಿರುವ ದತ್ತಸಂಚಯಗಳ ಬಾಗಿಲನ್ನು ಅವರು ಒಮ್ಮೆಯೂ ತಟ್ಟಿರಲಿಲ್ಲ. ತಮಗೆ ಆ ಹಕ್ಕು ಉಂಟೆಂಬುದೇ ಅವರಿಗೆ ತಿಳಿದಿರಲಿಲ್ಲ. ವಿಶ್ವವಿದ್ಯಾಲಯದಿಂದ ಬಹುದೂರದ ತಾಲ್ಲೂಕು ಕೇಂದ್ರವೊಂದರ ಖಾಸಗಿ ಕಾಲೇಜಿನಲ್ಲಿ ವಾರಕ್ಕೆ ಹದಿನಾರು ಗಂಟೆ ಪಾಠ ಹೇಳುವವರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಅವರಿಗೆ ತಿಳಿಸಬೇಕಾಗಿದ್ದವರು ನಾವು, ನಾವು ತಿಳಿಸಿರಲಿಲ್ಲ. ಈ ಲೇಖನ ಆ ಲೋಪವನ್ನು ತಕ್ಕಮಟ್ಟಿಗೆ ತುಂಬುವ ಉದ್ದೇಶದಿಂದ ಹುಟ್ಟಿದೆ.

ದತ್ತಸಂಚಯವೆಂದರೇನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಡೇಟಾಬೇಸ್ ಎಂಬ ಇಂಗ್ಲಿಷ್ ಹೆಸರೇ ಕಾಲೇಜುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಎರಡರ ಅರ್ಥವೂ ಒಂದೇ. ಸಂಶೋಧಕರಿಗೆ ಉಪಯುಕ್ತವಾದ ದತ್ತಸಂಚಯಗಳು ಮುಖ್ಯವಾಗಿ ಎರಡು ಬಗೆ. ಒಂದು ಸೂಚಿಯ ಸ್ವರೂಪದ್ದು: ಯಾವ ಲೇಖನ, ಯಾರದು, ಯಾವ ಪತ್ರಿಕೆಯ ಯಾವ ಸಂಚಿಕೆಯಲ್ಲಿದೆ, ಅದರ ಸಾರಾಂಶವೇನು ಎಂಬುದನ್ನು ಹೇಳಿ ಅಲ್ಲಿಗೆ ನಿಲ್ಲುತ್ತದೆ. ಇನ್ನೊಂದು ಲೇಖನದ ಪೂರ್ಣಪಾಠವನ್ನೇ ಒಳಗೊಂಡಿರುತ್ತದೆ. ಸೂಚಿಯಲ್ಲಿ ಹೆಸರು ಕಂಡ ಕೂಡಲೆ ಲೇಖನವೂ ಕೈಗೆ ಬಂದಿತೆಂದು ಭಾವಿಸುವುದು, ಪೂರ್ಣಪಾಠ ಸಿಗದಿದ್ದ ಮಾತ್ರಕ್ಕೆ ಲೇಖನವೇ ಇಲ್ಲವೆಂದು ತಿಳಿಯುವುದು, ಇವೆರಡೂ ಹೊಸಬರು ಮಾಡುವ ತಪ್ಪುಗಳು.

ಸೂಚಿಗಳ ಸಂಪ್ರದಾಯ ಗಣಕಯಂತ್ರಕ್ಕಿಂತ ಹಳೆಯದು. ಭೌತವಿಜ್ಞಾನದ ಲೇಖನಗಳ ಸಾರಾಂಶಗಳನ್ನು ಕೊಡುವ ‘ಸೈನ್ಸ್ ಆಬ್‌ಸ್ಟ್ರಾಕ್ಟ್ಸ್’ 1898ರಲ್ಲಿಯೂ, ರಸಾಯನವಿಜ್ಞಾನದ ‘ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್’ 1907ರಲ್ಲಿಯೂ ಆರಂಭವಾದುವು. ಹಿರಿಯ ಅಧ್ಯಾಪಕರಲ್ಲಿ ಕೆಲವರು ಆ ದಪ್ಪ ಸಂಪುಟಗಳ ಧೂಳನ್ನು ಕುಡಿದವರೇ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರು 1955ರಲ್ಲಿ ಒಂದು ಹೊಸ ಯುಕ್ತಿಯನ್ನು ಸೂಚಿಸಿದರು. ಒಂದು ಲೇಖನವು ಯಾವ ಹಿಂದಿನ ಲೇಖನಗಳನ್ನು ಉಲ್ಲೇಖಿಸಿದೆ ಎಂಬುದು ಅದರ ಅಡಿಟಿಪ್ಪಣಿಯಿಂದಲೇ ತಿಳಿಯುತ್ತದೆ. ಆದರೆ ಆ ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಎಂಬುದನ್ನು ತಿಳಿಯುವ ಮಾರ್ಗವಿರಲಿಲ್ಲ. ಉಲ್ಲೇಖಗಳನ್ನೆಲ್ಲ ತಲೆಕೆಳಗು ಮಾಡಿ ಸೂಚಿಯಾಗಿ ಜೋಡಿಸಿದರೆ ಅದು ಸಾಧ್ಯವೆಂದು ಅವರು ತೋರಿಸಿದರು. 1964ರಲ್ಲಿ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಪ್ರಕಟವಾಯಿತು. ಇಂದು ‘ವೆಬ್ ಆಫ್ ಸೈನ್ಸ್’ ಎಂದು ಕರೆಯುವ ದತ್ತಸಂಚಯ ಅದರ ಸಂತತಿ. 2004ರಲ್ಲಿ ಬಂದ ‘ಸ್ಕೋಪಸ್’ ಸಹ ಇದೇ ದಾರಿಯದು. ಇವುಗಳನ್ನು ಅಧ್ಯಾಪಕರ ಬಡ್ತಿಗೆ ಅಂಕಗಳನ್ನು ಎಣಿಸುವ ತಕ್ಕಡಿಯೆಂದೇ ಈಗ ಅನೇಕರು ತಿಳಿದಿದ್ದಾರೆ. ಮೂಲತಃ ಅವು ಓದುಗನಿಗಾಗಿ ಹುಟ್ಟಿದುವು ಎಂಬುದನ್ನು ಇಲ್ಲಿ ಜ್ಞಾಪಿಸಬೇಕಾಗಿದೆ.

ಪೂರ್ಣಪಾಠದ ದತ್ತಸಂಚಯಗಳಲ್ಲಿ ಚರಿತ್ರೆ, ಸಾಹಿತ್ಯ, ಸಮಾಜವಿಜ್ಞಾನಗಳ ಅಭ್ಯಾಸಿಗಳಿಗೆ ಅತ್ಯಂತ ಪರಿಚಿತವಾದುದು ‘ಜೆಸ್ಟೋರ್’. ಅದರ ಹುಟ್ಟಿನ ಕಾರಣ ಸ್ವಾರಸ್ಯವಾಗಿದೆ. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಕಾಲೇಜು ಗ್ರಂಥಾಲಯಗಳಲ್ಲಿ ಹಳೆಯ ಪತ್ರಿಕೆಗಳ ಸಂಪುಟಗಳನ್ನು ಇಡಲು ಸ್ಥಳವೇ ಸಾಲದಾಯಿತು. ಹೊಸ ಕಟ್ಟಡ ಕಟ್ಟುವುದಕ್ಕಿಂತ ಆ ಸಂಪುಟಗಳ ಪುಟಗಳ ಪ್ರತಿಬಿಂಬವನ್ನು ತೆಗೆದು ಎಲ್ಲ ಕಾಲೇಜುಗಳೂ ಹಂಚಿಕೊಳ್ಳುವುದು ಮೇಲೆಂದು ಮೆಲನ್ ಪ್ರತಿಷ್ಠಾನದ ಅಧ್ಯಕ್ಷರಾಗಿದ್ದ ವಿಲಿಯಂ ಬೋವೆನ್ ಅವರಿಗೆ ತೋರಿತು. ‘ಜರ್ನಲ್ ಸ್ಟೋರೇಜ್’ ಎಂಬ ಎರಡು ಮಾತುಗಳ ಸಂಕ್ಷೇಪವೇ ಅದರ ಹೆಸರು. ಹೀಗೆ ಹಳೆಯ ಸಂಚಿಕೆಗಳ ಉಗ್ರಾಣವಾಗಿ ಹುಟ್ಟಿದುದರಿಂದ ಅದರಲ್ಲಿ ಒಂದು ವಿಶೇಷ ನಿಬಂಧನೆ ಉಳಿದುಬಂದಿದೆ. ಅನೇಕ ಪತ್ರಿಕೆಗಳ ಇತ್ತೀಚಿನ ಮೂರು ಅಥವಾ ಐದು ವರ್ಷಗಳ ಸಂಚಿಕೆಗಳು ಅಲ್ಲಿ ದೊರೆಯುವುದಿಲ್ಲ. ವರ್ಷ ಕಳೆದಂತೆ ಈ ಗೆರೆಯೂ ಒಂದೊಂದು ವರ್ಷ ಮುಂದೆ ಸರಿಯುತ್ತದೆ. ಇದಕ್ಕೆ ‘ಚಲಿಸುವ ಗೋಡೆ’ ಎಂದು ಹೆಸರು. ಇದನ್ನು ಅರಿಯದ ವಿದ್ಯಾರ್ಥಿಯು ತನ್ನ ವಿಷಯದಲ್ಲಿ ಐದು ವರ್ಷಗಳಿಂದ ಯಾರೂ ಏನೂ ಬರೆದಿಲ್ಲವೆಂದು ನಂಬಿಬಿಡಬಹುದು. ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಮತ್ತು ಇಂಡಿಯನ್ ಹಿಸ್ಟರಿ ಕಾಂಗ್ರೆಸ್ಸಿನ ನಡವಳಿಗಳು ಜೆಸ್ಟೋರಿನಲ್ಲಿ ಇರುವುದು ನಮ್ಮ ನಾಡಿನ ಅಭ್ಯಾಸಿಗಳಿಗೆ ದೊಡ್ಡ ಉಪಕಾರ.

ಇನ್ನು ಪ್ರವೇಶದ ಹಕ್ಕು ಎಲ್ಲಿಂದ ಬರುತ್ತದೆ ಎಂಬ ವಿಚಾರ. ಗ್ರಂಥಾಲಯವು ಮುದ್ರಿತ ಪತ್ರಿಕೆಯನ್ನು ಕೊಂಡಾಗ ಅದರ ಪ್ರತಿಗೆ ಒಡೆಯನಾಗುತ್ತದೆ. ದತ್ತಸಂಚಯದ ವಿಷಯ ಹಾಗಲ್ಲ. ಅಲ್ಲಿ ಗ್ರಂಥಾಲಯವು ಕೊಳ್ಳುವುದು, ಬಹುಮಟ್ಟಿಗೆ, ಇಂತಿಷ್ಟು ಕಾಲ ತನ್ನ ಸದಸ್ಯರು ಓದಬಹುದೆಂಬ ಅನುಮತಿಯನ್ನು ಮಾತ್ರ. ಚಂದಾ ನಿಂತರೆ, ಕರಾರಿನಲ್ಲಿ ಬೇರೆ ಏರ್ಪಾಡು ಇಲ್ಲದ ಪಕ್ಷದಲ್ಲಿ, ನಿನ್ನೆ ಓದಿದ ಲೇಖನ ಇಂದು ತೆರೆಯದು. ಆದುದರಿಂದ ಓದಲು ಬಂದವನು ಅನುಮತಿ ಪಡೆದ ಸಂಸ್ಥೆಗೆ ಸೇರಿದವನೇ ಎಂಬುದನ್ನು ಪ್ರಕಾಶಕರು ಪ್ರತಿ ಸಲವೂ ನಿಶ್ಚಯಿಸಿಕೊಳ್ಳುತ್ತಾರೆ.

ಇದಕ್ಕೆ ಮೂರು ಮಾರ್ಗಗಳು ರೂಢಿಯಲ್ಲಿವೆ. ಅತ್ಯಂತ ಸರಳವಾದುದು ಸ್ಥಳವನ್ನು ನೋಡುವುದು. ವಿಶ್ವವಿದ್ಯಾಲಯದ ಜಾಲಕ್ಕೆ ಸೇರಿದ ಪ್ರತಿಯೊಂದು ಗಣಕಯಂತ್ರವೂ ಹೊರಜಗತ್ತಿಗೆ ಐ.ಪಿ. ವಿಳಾಸವೆಂಬ ಸಂಖ್ಯೆಯ ಮೂಲಕ ಕಾಣುತ್ತದೆ. ತನ್ನ ಆವರಣದ ಸಂಖ್ಯೆಗಳ ಪಟ್ಟಿಯನ್ನು ಗ್ರಂಥಾಲಯವು ಪ್ರಕಾಶಕರಿಗೆ ಕೊಟ್ಟಿರುತ್ತದೆ. ಆ ಪಟ್ಟಿಯ ಸಂಖ್ಯೆಯಿಂದ ಬಂದವರಿಗೆ ಬಾಗಿಲು ತಾನಾಗಿ ತೆರೆಯುತ್ತದೆ. ಇಲ್ಲಿ ಗುಪ್ತಪದವನ್ನು ಯಾರೂ ಕೇಳುವುದಿಲ್ಲ. ಆವರಣದೊಳಗೆ ಕುಳಿತು ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಈ ಲೇಖನಗಳೆಲ್ಲ ಜಗತ್ತಿಗೆ ಉಚಿತವೆಂದೇ ತಿಳಿದಿರಲು ಕಾರಣ ಇದೇ. ಅವರು ಬೇಸಗೆಯ ರಜಕ್ಕೆ ಊರಿಗೆ ಹೋದಾಗ ಸತ್ಯ ತಿಳಿಯುತ್ತದೆ. ಅದೇ ಲೇಖನಕ್ಕೆ ಮೂವತ್ತು ನಲವತ್ತು ಡಾಲರು ಬೆಲೆ ಕೇಳುವ ಪುಟ ಕಾಣಿಸುತ್ತದೆ.

ಆವರಣದ ಹೊರಗಿರುವವರಿಗಾಗಿ ಎರಡನೆಯ ಮಾರ್ಗವಿದೆ. ಪ್ರಾಕ್ಸಿ ಎಂದರೆ ಪ್ರತಿನಿಧಿ. ನೀವು ಮನೆಯಿಂದ ಗ್ರಂಥಾಲಯದ ಪ್ರತಿನಿಧಿ ಯಂತ್ರಕ್ಕೆ ನಿಮ್ಮ ಹೆಸರನ್ನೂ ಗುಪ್ತಪದವನ್ನೂ ಕೊಡುತ್ತೀರಿ. ಅದು ನಿಮ್ಮ ಪರವಾಗಿ ಪ್ರಕಾಶಕರಲ್ಲಿಗೆ ಹೋಗಿ ಲೇಖನವನ್ನು ತಂದುಕೊಡುತ್ತದೆ. ಪ್ರಕಾಶಕರ ಕಣ್ಣಿಗೆ ಕಾಣುವುದು ಗ್ರಂಥಾಲಯದ ಸಂಖ್ಯೆಯೇ. ಮೂರನೆಯದು ಇವೆರಡಕ್ಕಿಂತ ಹೊಸದು. ಇಲ್ಲಿ ಪ್ರಕಾಶಕರ ಪುಟವೇ ನಿಮ್ಮನ್ನು ನಿಮ್ಮ ಸಂಸ್ಥೆಯ ಹೆಸರನ್ನು ಆರಿಸುವಂತೆ ಕೇಳಿ, ನಿಮ್ಮ ವಿಶ್ವವಿದ್ಯಾಲಯದ ಪ್ರವೇಶಪುಟಕ್ಕೆ ಕಳುಹಿಸುತ್ತದೆ. ಅಲ್ಲಿ ನಿಮ್ಮ ಗುರುತು ಖಚಿತವಾದ ಮೇಲೆ, ಇವರು ನಮ್ಮವರು ಎಂಬ ಸಂದೇಶವನ್ನು ವಿಶ್ವವಿದ್ಯಾಲಯವು ಪ್ರಕಾಶಕರಿಗೆ ರವಾನಿಸುತ್ತದೆ. ನಿಮ್ಮ ಗುಪ್ತಪದವನ್ನು ಪ್ರಕಾಶಕರು ನೋಡುವುದೇ ಇಲ್ಲ. ಭಾರತದಲ್ಲಿ ‘ಇನ್‌ಫೆಡ್’ ಎಂಬ ಒಕ್ಕೂಟದ ಮೂಲಕ ಈ ಏರ್ಪಾಡು ನಡೆಯುತ್ತದೆ.

ಈ ಮೂರನೆಯ ಮಾರ್ಗಕ್ಕೆ ಬಳಸುವ ತಂತ್ರಾಂಶಗಳಲ್ಲಿ ಒಂದರ ಹೆಸರು ‘ಶಿಬ್ಬೊಲೆತ್’. ಬೈಬಲ್ಲಿನ ನ್ಯಾಯಸ್ಥಾಪಕರು ಎಂಬ ಭಾಗದಲ್ಲಿ, ಜೋರ್ಡನ್ ನದಿಯ ಕಡವನ್ನು ಕಾಯುತ್ತಿದ್ದ ಗಿಲ್ಯಾದಿನವರು ದಾಟಲು ಬಂದವರಿಗೆಲ್ಲ ಈ ಪದವನ್ನು ಉಚ್ಚರಿಸಲು ಹೇಳುತ್ತಿದ್ದರು. ಶತ್ರುಗಳಾದ ಎಫ್ರಾಯೀಮರಿಗೆ ಶಕಾರ ಬಾರದೆ ‘ಸಿಬ್ಬೊಲೆತ್’ ಎನ್ನುತ್ತಿದ್ದರಂತೆ. ಅಷ್ಟರಿಂದಲೇ ಅವರ ಗುರುತು ಹತ್ತಿ ತಲೆ ಹೋಗುತ್ತಿತ್ತು. ಹಕಾರದ ಉಚ್ಚಾರಣೆಯಿಂದ ಸೀಮೆಯನ್ನು ಗುರುತಿಸುವ ರೂಢಿ ನಮ್ಮಲ್ಲಿಯೂ ಇಲ್ಲದಿಲ್ಲ. ನಮ್ಮಲ್ಲಿ ನಗೆಗೀಡಾಗುವುದಷ್ಟೆ.

ಮೇಲೆ ಹೇಳಿದ ಚಂದಾಹಣವನ್ನು ಒಂದೊಂದು ವಿಶ್ವವಿದ್ಯಾಲಯವೂ ಪ್ರತ್ಯೇಕವಾಗಿ ತೆರುವುದು ನಮ್ಮ ದೇಶದ ಸ್ಥಿತಿಯಲ್ಲಿ ಆಗದ ಮಾತು. ಆದುದರಿಂದ ಒಟ್ಟುಗೂಡಿ ಕೊಳ್ಳುವ ಕ್ರಮ ಬಂದಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1991ರಲ್ಲಿ ‘ಇನ್‌ಫ್ಲಿಬ್‌ನೆಟ್’ ಯೋಜನೆಯನ್ನು ಆರಂಭಿಸಿತು. 1996ರಲ್ಲಿ ಅದು ಸ್ವತಂತ್ರ ಕೇಂದ್ರವಾಯಿತು. ಅದೀಗ ಗಾಂಧೀನಗರದಲ್ಲಿದೆ. 2003ರ ಡಿಸೆಂಬರಿನಲ್ಲಿ ರಾಷ್ಟ್ರಪತಿ ಎ. ಪಿ. ಜೆ. ಅಬ್ದುಲ್ ಕಲಾಂ ಅವರು ವಿಶ್ವವಿದ್ಯಾಲಯಗಳಿಗಾಗಿ ಏರ್ಪಡಿಸಿದ ಪತ್ರಿಕಾ ಒಕ್ಕೂಟವನ್ನು ಉದ್ಘಾಟಿಸಿದರು. ಕಾಲೇಜುಗಳಿಗಾಗಿಯೇ 2010ರಲ್ಲಿ ‘ಎನ್-ಲಿಸ್ಟ್’ ಎಂಬ ಏರ್ಪಾಡು ಬಂದಿತು. ಕಾಲೇಜಿನ ಒಬ್ಬೊಬ್ಬ ಅಧ್ಯಾಪಕನಿಗೂ ಪ್ರತ್ಯೇಕ ಗುಪ್ತಪದವನ್ನು ಕೊಡುವುದು ಅದರ ಕ್ರಮ. ಬೇರೆ ಬೇರೆ ಒಕ್ಕೂಟಗಳನ್ನು ಕೂಡಿಸಿ 2015ರಲ್ಲಿ ‘ಇ-ಶೋಧಸಿಂಧು’ ಎಂದು ಹೆಸರಿಟ್ಟರು.

ಇತ್ತೀಚಿನ ಹೆಜ್ಜೆ ಎಲ್ಲಕ್ಕಿಂತ ದೊಡ್ಡದು. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ ಸುಮಾರು 6,000 ಕೋಟಿ ರೂಪಾಯಿ ಇದಕ್ಕೆ ಗೊತ್ತಾಯಿತು. ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು, ಹೆಚ್ಚುಕಡಿಮೆ 1.8 ಕೋಟಿ ಮಂದಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರು ಎಂದು ಯೋಜನೆಯ ಅಳತೆಯನ್ನು ಹೇಳಿದ್ದಾರೆ. 2025ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ರಾಜ್ಯ ಸರ್ಕಾರದ ಆಡಳಿತದಲ್ಲಿರುವ ವಿಶ್ವವಿದ್ಯಾಲಯಗಳೂ ಕಾಲೇಜುಗಳೂ ಇದರೊಳಗೆ ಸೇರಿರುವುದರಿಂದ, ಸಣ್ಣ ಊರಿನ ಸರ್ಕಾರಿ ಕಾಲೇಜಿನ ಅಧ್ಯಾಪಕನಿಗೂ ದೊಡ್ಡ ಸಂಸ್ಥೆಯ ವಿಜ್ಞಾನಿಗೂ ಈ ಪತ್ರಿಕೆಗಳ ಮಟ್ಟಿಗೆ ಒಂದೇ ಹಕ್ಕು ದೊರೆತಂತಾಯಿತು. ಆದರೆ ಖಾಸಗಿ ಆಡಳಿತದ ಕಾಲೇಜುಗಳು ಮೊದಲ ಹಂತದಲ್ಲಿ ಸೇರಲಿಲ್ಲ. ನಮ್ಮ ನಾಡಿನಲ್ಲಿ ಅಂಥ ಕಾಲೇಜುಗಳು ಎಷ್ಟಿವೆ, ಅಲ್ಲಿ ಓದುವ ಗ್ರಾಮಾಂತರದ ಮಕ್ಕಳು ಎಷ್ಟು ಮಂದಿ ಎಂಬುದನ್ನು ಬಲ್ಲವರಿಗೆ ಈ ಗೆರೆಯ ತೀಕ್ಷ್ಣತೆ ತಿಳಿಯುತ್ತದೆ. ನಾವು ಮೊದಲು ಹೇಳಿದ ಅಧ್ಯಾಪಕಿಯವರಿಗೆ ತಮ್ಮ ಕಾಲೇಜಿನ ಅಧ್ಯಾಪಕರೆಂಬ ನೆಲೆಯಲ್ಲಿ ಈ ಹಕ್ಕಿಲ್ಲ. ನಮ್ಮ ವಿಶ್ವವಿದ್ಯಾಲಯದಲ್ಲಿ ನೋಂದಾಯಿತ ಸಂಶೋಧನ ವಿದ್ಯಾರ್ಥಿ ಎಂಬ ನೆಲೆಯಲ್ಲಿ ಉಂಟು. ಒಬ್ಬರೇ ವ್ಯಕ್ತಿ, ಒಂದೇ ವಿಷಯ, ಎರಡು ಸ್ಥಿತಿ. ಇದೇ ಸ್ಥಿತಿಯಲ್ಲಿರುವವರು ತಮ್ಮ ನೋಂದಣಿ ಪತ್ರವನ್ನು ವಿಶ್ವವಿದ್ಯಾಲಯದ ಗ್ರಂಥಪಾಲಕರಿಗೆ ತೋರಿಸಿ, ಮನೆಯಿಂದ ಪ್ರವೇಶಿಸುವ ಹೆಸರು ಮತ್ತು ಗುಪ್ತಪದವನ್ನು ಮೊದಲ ವಾರದಲ್ಲಿಯೇ ಪಡೆದುಕೊಳ್ಳುವುದು ಯುಕ್ತ.

ಬಾಗಿಲು ತೆರೆಯಿತು, ಒಳಗೆ ಹುಡುಕುವುದು ಹೇಗೆ? ಕೆಲಸದ ಕಷ್ಟವೆಲ್ಲ ಇರುವುದು ಇಲ್ಲಿಯೇ, ಅದರಲ್ಲಿಯೂ ಕರ್ನಾಟಕದ ವಿಷಯವನ್ನು ಅಭ್ಯಾಸ ಮಾಡುವವರಿಗೆ. ಯಂತ್ರಕ್ಕೆ ಅರ್ಥ ತಿಳಿಯದು. ಅದು ಅಕ್ಷರಗಳನ್ನು ಹೋಲಿಸುತ್ತದೆ. ಮೈಸೂರು ನಗರದ ಹೆಸರಿನ ಇಂದಿನ ರೋಮನ್ ಕಾಗುಣಿತ ಅಧಿಕೃತವಾದುದು 2014ರ ನವೆಂಬರ್ 1ರಂದು. ಅದಕ್ಕೆ ಮೊದಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬರೆದ ಲೇಖನಗಳಲ್ಲೆಲ್ಲ ಇರುವುದು ‘ಮೈಸೋರ್’ ಎಂಬ ಇಂಗ್ಲಿಷ್ ರೂಪ. ಬೆಳಗಾವಿ, ಕಲಬುರಗಿ, ವಿಜಯಪುರಗಳದೂ ಇದೇ ಕಥೆ. ಹಳೆಯ ಲೇಖನಗಳಲ್ಲಿ ಅವು ಬೆಲ್ಗಾಮ್, ಗುಲ್ಬರ್ಗಾ, ಬಿಜಾಪುರ. ಧಾರವಾಡದ ಕೊನೆಯ ಅಕ್ಷರವನ್ನು ಇಂಗ್ಲಿಷರು ರಕಾರದಿಂದ ಬರೆದರು, ಈಗ ಡಕಾರದಿಂದ ಬರೆಯುತ್ತೇವೆ. ಕನ್ನಡವೆಂಬ ಮಾತೇ ಹತ್ತೊಂಬತ್ತನೆಯ ಶತಮಾನದ ಬರಹಗಳಲ್ಲಿ ‘ಕೆನರೀಸ್’ ಎಂದಿದೆ. ಅದರಲ್ಲಿಯೂ ಮೊದಲಕ್ಷರವನ್ನು ರೋಮನ್ನಿನಲ್ಲಿ ‘ಸಿ’ ಇಂದ ಬರೆದವರು ಒಂದು ಗುಂಪು, ‘ಕೆ’ ಇಂದ ಬರೆದವರು ಇನ್ನೊಂದು. ಫ್ಲೀಟ್ ಅವರು ಈ ನಾಡಿನ ರಾಜವಂಶಗಳನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದ ಹೆಸರಿನಲ್ಲಿ ಎರಡನೆಯ ರೂಪವಿದೆ. ಕನ್ನಡ ಎಂಬ ಒಂದೇ ಕಾಗುಣಿತದಿಂದ ಹುಡುಕುವವನಿಗೆ ಇವರು ಯಾರೂ ಕಾಣಿಸಿಕೊಳ್ಳರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ ಎಂಬುದನ್ನೂ ಮರೆಯಲಾಗದು.

ಹೆಸರುಗಳ ಮಾತು ಇರಲಿ, ಪದಾರ್ಥಗಳ ಮಾತೂ ಹೀಗೆಯೇ. ಕೆರೆಯನ್ನು ಇಂಗ್ಲಿಷ್ ಬಲ್ಲ ವಿದ್ವಾಂಸರು ಬಹುಮಟ್ಟಿಗೆ ‘ಟ್ಯಾಂಕ್’ ಎಂದೇ ಬರೆದಿದ್ದಾರೆ. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಅನುವಾದಗಳಲ್ಲಿಯೂ ಅದೇ ಪದ. ಕೆರೆಯ ರಕ್ಷಣೆಗಾಗಿ ಬಿಟ್ಟ ಭೂಮಿ ಅಥವಾ ಉತ್ಪನ್ನವನ್ನು ಶಾಸನಗಳು ‘ಬಿತ್ತುವಟ್ಟ’ ಎಂದೂ ‘ಕಟ್ಟುಕೊಡಗೆ’ ಎಂದೂ ಹೇಳುತ್ತವೆ. ಇವುಗಳನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಟಕಾರದ ಕೆಳಗೆ ಚುಕ್ಕೆಯಿಟ್ಟವರು ಕೆಲವರು, ಇಡದವರು ಕೆಲವರು, ನಡುವೆ ಅಡ್ಡಗೆರೆ ಹಾಕಿ ಎರಡು ಪದ ಮಾಡಿದವರು ಕೆಲವರು. ಇದು ಸಾಲದೆಂಬಂತೆ, ಮುದ್ರಿತ ಪುಟದ ಪ್ರತಿಬಿಂಬದಿಂದ ಅಕ್ಷರಗಳನ್ನು ಓದಿಕೊಳ್ಳುವ ಯಂತ್ರವು ಚುಕ್ಕೆಯಿರುವ ಅಕ್ಷರಗಳನ್ನು ಏನೇನೋ ಆಗಿ ಗ್ರಹಿಸಿರುತ್ತದೆ. ಕಣ್ಣಿಗೆ ಪುಟ ಸರಿಯಾಗಿ ಕಾಣುತ್ತದೆ, ಶೋಧಕ್ಕೆ ಮಾತ್ರ ಆ ಪದ ಇಲ್ಲ. ಇಂಥಲ್ಲಿ ಪದದ ನಿರಪಾಯವಾದ ಮೊದಲ ಭಾಗವನ್ನಷ್ಟೆ ಬರೆದು ನಕ್ಷತ್ರಚಿಹ್ನೆಯನ್ನು ಇಡುವುದು ಅನೇಕ ದತ್ತಸಂಚಯಗಳಲ್ಲಿ ಫಲಕಾರಿ. ಆ ಭಾಗದಿಂದ ಆರಂಭವಾಗುವ ಎಲ್ಲ ರೂಪಗಳನ್ನೂ ಯಂತ್ರ ಎತ್ತಿ ಕೊಡುತ್ತದೆ.

ಪದಗಳನ್ನು ಕೂಡಿಸುವ ಕ್ರಮವನ್ನು ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಬೂಲ್ ಅವರ ತರ್ಕದಿಂದ ತೆಗೆದುಕೊಂಡಿದ್ದಾರೆ. 1854ರಲ್ಲಿ ಅವರು ವಿಚಾರದ ನಿಯಮಗಳನ್ನು ಬೀಜಗಣಿತದ ರೂಪದಲ್ಲಿ ನಿರೂಪಿಸಿದಾಗ ಗ್ರಂಥಾಲಯಗಳ ನೆನಪು ಅವರಿಗೆ ಇದ್ದಿರಲಾರದು. ಎರಡು ಪದಗಳ ನಡುವೆ ‘ಆರ್’ ಇಟ್ಟರೆ ಎರಡರಲ್ಲಿ ಯಾವುದಿದ್ದರೂ ಸರಿ; ‘ಆಂಡ್’ ಇಟ್ಟರೆ ಎರಡೂ ಇರಲೇಬೇಕು; ‘ನಾಟ್’ ಇಟ್ಟರೆ ಎರಡನೆಯದು ಇರಕೂಡದು. ಮೊದಲನೆಯದು ಜಾಲವನ್ನು ಹಿಗ್ಗಿಸುತ್ತದೆ, ಉಳಿದೆರಡು ಕುಗ್ಗಿಸುತ್ತವೆ. ನಮ್ಮ ಅಧ್ಯಾಪಕಿಯವರೊಡನೆ ಕುಳಿತು ನಾವು ಮಾಡಿದ್ದು ಇಷ್ಟೆ. ನಾಡಿನ ಹೆಸರಿನ ರೂಪಗಳನ್ನೆಲ್ಲ ‘ಆರ್’ ಇಂದ ಜೋಡಿಸಿ ಒಂದು ಆವರಣಚಿಹ್ನೆಯಲ್ಲಿಟ್ಟೆವು. ಟ್ಯಾಂಕ್, ಕೆರೆ, ನೀರಾವರಿ ಎಂಬ ಅರ್ಥದ ಪದಗಳನ್ನು ಇನ್ನೊಂದರಲ್ಲಿ. ದತ್ತಿ, ದಾನ, ಶಾಸನ ಎಂಬ ಅರ್ಥದವನ್ನು ಮೂರನೆಯದರಲ್ಲಿ. ಮೂರು ಆವರಣಗಳ ನಡುವೆ ‘ಆಂಡ್’ ಹಾಕಿದೆವು. ಏನೂ ಇಲ್ಲವೆಂದಿದ್ದ ಕಡೆ ಪುಟಗಟ್ಟಳೆ ಶೀರ್ಷಿಕೆಗಳು ಬಂದುವು. ಯುದ್ಧದ ಟ್ಯಾಂಕುಗಳನ್ನು ಕುರಿತ ಕೆಲವು ಲೇಖನಗಳೂ ಅವುಗಳೊಡನೆ ಬಂದುವೆಂದು ಒಪ್ಪಿಕೊಳ್ಳಬೇಕು. ‘ನಾಟ್’ ಎಂಬುದರ ಉಪಯೋಗ ಇಂಥಲ್ಲಿ ಕಾಣುತ್ತದೆ. ಆದರೆ ಅದು ಹರಿತವಾದ ಕತ್ತಿ, ಬೇಕಾದುದನ್ನೂ ಕತ್ತರಿಸಬಲ್ಲದು.

ಬಂದ ಪಟ್ಟಿಯಲ್ಲಿ ನಿಜವಾಗಿ ವಿಷಯಕ್ಕೆ ಸೇರಿದ ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ ಅಲ್ಲಿಂದ ಮುಂದೆ ಪದಗಳ ಗೊಡವೆ ಕಡಮೆ. ಅದರ ಅಡಿಟಿಪ್ಪಣಿಗಳನ್ನು ಹಿಡಿದು ಹಿಂದಕ್ಕೆ ಹೋಗಬಹುದು; ಗಾರ್ಫೀಲ್ಡರ ಯುಕ್ತಿಯಿಂದ, ಅದನ್ನು ಉಲ್ಲೇಖಿಸಿದವರನ್ನು ಹಿಡಿದು ಮುಂದಕ್ಕೆ ಬರಬಹುದು. ಹುಡುಕಿದ ದಿನ, ದತ್ತಸಂಚಯದ ಹೆಸರು, ಬಳಸಿದ ಪದಗಳು, ಬಂದ ಫಲಗಳ ಸಂಖ್ಯೆ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಯಾರೂ ಬರೆದಿಲ್ಲ ಎಂಬ ವಾಕ್ಯವನ್ನು ಮುಂದೆ ಬರೆಯಬೇಕಾಗಿ ಬಂದರೆ ಅದಕ್ಕೆ ಆಧಾರ ಆ ಪುಸ್ತಕವೊಂದೇ.

ಕನ್ನಡದಲ್ಲಿಯೇ ಬರೆದ ಸಂಶೋಧನೆಯ ಗತಿ ಏನು? ಭಾರತದ ಪಿಎಚ್.ಡಿ. ಪ್ರಬಂಧಗಳಿಗಾಗಿ ಇನ್‌ಫ್ಲಿಬ್‌ನೆಟ್ ಕೇಂದ್ರವು ‘ಶೋಧಗಂಗಾ’ ಎಂಬ ಮುಕ್ತ ಭಂಡಾರವನ್ನು ನಡೆಸುತ್ತಿದೆ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ಆಯೋಗವು 2009ರ ನಿಯಮಗಳಲ್ಲಿ ವಿಧಿಸಿದ ಮೇಲೆ ಅದು ಬೆಳೆಯಿತು. ಚಂದಾ ಇಲ್ಲ, ಗುಪ್ತಪದವಿಲ್ಲ. ಯಾವ ಕಾಲೇಜಿನವರೂ ಮನೆಯಿಂದಲೇ ಓದಬಹುದು. ಕನ್ನಡ ಪ್ರಬಂಧಗಳೂ ಅಲ್ಲಿ ಬಹಳ ಇವೆ. ಆದರೆ ಒಂದು ತೊಡಕು ಉಂಟು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಪ್ರಬಂಧಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಯಂತ್ರದೊಳಗೆ ಇರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಒಂದು ಕಲಸುಮೇಲೋಗರ. ಯೂನಿಕೋಡ್ ಎಂಬ ಸರ್ವಭಾಷಾ ಸಂಕೇತಕ್ರಮದಲ್ಲಿ ಬರೆದುದನ್ನು ಮಾತ್ರ ಯಂತ್ರವು ಕನ್ನಡವೆಂದು ಗುರುತಿಸಬಲ್ಲದು. ಆದುದರಿಂದ ‘ಕೆರೆ’ ಎಂದು ಕನ್ನಡದಲ್ಲಿ ಹುಡುಕಿದಾಗ ಕೆರೆಗಳನ್ನೇ ಕುರಿತ ಪ್ರಬಂಧದ ಒಳಪುಟಗಳು ಸಿಗದೆಹೋಗಬಹುದು. ಪ್ರಬಂಧದ ಹೆಸರನ್ನು ರೋಮನ್ ಲಿಪಿಯಲ್ಲಿ ಕೊಟ್ಟಿರುವುದೂ ಉಂಟು, ಇಂಗ್ಲಿಷಿಗೆ ಅನುವಾದಿಸಿ ಕೊಟ್ಟಿರುವುದೂ ಉಂಟು. ಮೂರು ರೀತಿಯಲ್ಲಿಯೂ ಹುಡುಕಿ ನೋಡಬೇಕು. ಇಲ್ಲವೆ ವಿಶ್ವವಿದ್ಯಾಲಯ, ವಿಭಾಗ ಎಂಬ ಕ್ರಮದಲ್ಲಿ ಇಳಿದು ಪಟ್ಟಿಯನ್ನು ಒಂದೊಂದಾಗಿ ಕಣ್ಣಾಡಿಸಬೇಕು. ಈಗ ಪ್ರಬಂಧ ಬರೆಯುತ್ತಿರುವವರಿಗೆ ನಮ್ಮ ಕಳಕಳಿಯ ವಿನಂತಿ: ದಯಮಾಡಿ ಯೂನಿಕೋಡಿನಲ್ಲಿಯೇ ಬರೆಯಿರಿ. ಹತ್ತು ವರ್ಷದ ಮೇಲೆ ನಿಮ್ಮನ್ನು ಹುಡುಕುವವನಿಗೆ ನೀವು ಸಿಗುವಿರಿ.

ನಡತೆಯ ವಿಷಯವಾಗಿ ಎರಡು ಮಾತು. ಹಿಂದೊಮ್ಮೆ ನಮ್ಮ ಪರಿಚಯದ ಸಂಸ್ಥೆಯೊಂದರಲ್ಲಿ ವಿದ್ಯಾರ್ಥಿಯೊಬ್ಬ ಒಂದು ಪತ್ರಿಕೆಯ ಸಂಚಿಕೆಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ಇಳಿಸಿಕೊಳ್ಳಲು ಯಂತ್ರವನ್ನು ಹಚ್ಚಿ ಮಲಗಿದ. ಬೆಳಗ್ಗೆ ಇಡೀ ಸಂಸ್ಥೆಗೇ ಬಾಗಿಲು ಮುಚ್ಚಿತ್ತು. ಪ್ರಕಾಶಕರ ಕಣ್ಣಿಗೆ ವಿದ್ಯಾರ್ಥಿ ಕಾಣುವುದಿಲ್ಲ, ಸಂಸ್ಥೆಯ ಸಂಖ್ಯೆ ಕಾಣುತ್ತದೆ. ಗ್ರಂಥಪಾಲಕರು ಕ್ಷಮಾಪಣೆಯ ಪತ್ರ ಬರೆದು ಪ್ರವೇಶವನ್ನು ಮರಳಿ ಪಡೆಯುವ ಹೊತ್ತಿಗೆ ಹಲವು ದಿನಗಳು ಕಳೆದುವು. ಆ ದಿನಗಳಲ್ಲಿ ಪ್ರಬಂಧ ಮುಗಿಸಬೇಕಾಗಿದ್ದವರ ಪಾಡನ್ನು ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಆರನ್ ಸ್ವಾರ್ಟ್ಜ್ ಎಂಬ ತರುಣ ಒಂದು ತಾಂತ್ರಿಕ ವಿದ್ಯಾಸಂಸ್ಥೆಯ ಜಾಲದಿಂದ ಜೆಸ್ಟೋರಿನ ಲಕ್ಷಗಟ್ಟಳೆ ಲೇಖನಗಳನ್ನು ಇಳಿಸಿಕೊಂಡುದಕ್ಕಾಗಿ 2011ರ ಜನವರಿಯಲ್ಲಿ ಬಂಧಿತನಾದ. ಜೆಸ್ಟೋರ್ ಅವನೊಡನೆ ರಾಜಿಯಾದರೂ ಸರ್ಕಾರದ ಮೊಕದ್ದಮೆ ನಿಲ್ಲಲಿಲ್ಲ; ಅದು ನಡೆಯುತ್ತಿರುವಾಗಲೇ, 2013ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆ ಬೆಲೆಯ ಗೋಡೆಯ ಹಿಂದೆ ಇರಬೇಕೆ ಎಂಬ ಅವನ ಪ್ರಶ್ನೆ ನ್ಯಾಯವಾದುದೆಂದೇ ನಮ್ಮ ಭಾವನೆ. ಆ ಪ್ರಶ್ನೆಗೆ ಉತ್ತರ ಬರುವವರೆಗೆ, ಬೇಕಾದಷ್ಟನ್ನು ಬೇಕಾದಾಗ ಇಳಿಸಿಕೊಳ್ಳುವುದು, ಗುಪ್ತಪದವನ್ನು ಮತ್ತೊಬ್ಬರಿಗೆ ಕೊಡದಿರುವುದು ಸಹಾಧ್ಯಾಯಿಗಳ ವಿಷಯದಲ್ಲಿ ನಾವು ತೋರಬೇಕಾದ ಮರ್ಯಾದೆ.

ಹಕ್ಕೇ ಇಲ್ಲದ ಕಾಲೇಜಿನವರು ಏನು ಮಾಡಬೇಕು? ಜೆಸ್ಟೋರಿನಲ್ಲಿ ಸ್ವಂತ ಹೆಸರಿನಿಂದ ನೋಂದಾಯಿಸಿಕೊಂಡವರು ತಿಂಗಳಿಗೆ ಒಂದು ಮಿತಿಯವರೆಗೆ ಅನೇಕ ಲೇಖನಗಳನ್ನು ಉಚಿತವಾಗಿ ಓದಬಹುದು. ವೈದ್ಯಕೀಯ ಸೂಚಿಯಾದ ‘ಪಬ್‌ಮೆಡ್’ 1997ರಿಂದ ಎಲ್ಲರಿಗೂ ಮುಕ್ತ. ಹಳೆಯ ‘ಇಂಡಿಯನ್ ಆಂಟಿಕ್ವರಿ’ಯ ಸಂಪುಟಗಳು ‘ಇಂಟರ್ನೆಟ್ ಆರ್ಕೈವ್’ನಲ್ಲಿವೆ. ಲೇಖಕರಿಗೇ ಒಂದು ಪತ್ರ ಬರೆದು ಕೇಳುವುದು ಎಲ್ಲಕ್ಕಿಂತ ಹಳೆಯ ಉಪಾಯ; ಅದು ಈಗಲೂ ಬಹುಸಲ ಫಲಿಸುತ್ತದೆ. ಗ್ರಂಥಪಾಲಕರನ್ನು ಕೇಳಲು ಸಂಕೋಚಪಡುವವರನ್ನು ಕಂಡರೆ ನಮಗೆ ಆಶ್ಚರ್ಯವಾಗುತ್ತದೆ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರಕ್ಕೆ ಐದು ಸೂತ್ರಗಳನ್ನು ಹಾಕಿಕೊಟ್ಟಾಗ ಓದುಗನ ಕಾಲವನ್ನು ಉಳಿಸುವುದನ್ನೇ ಒಂದು ಸೂತ್ರವನ್ನಾಗಿ ಮಾಡಿದರು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1962ರಲ್ಲಿ ಅಲ್ಲಿ ಸ್ಥಾಪಿಸಿದ ಕೇಂದ್ರದಲ್ಲಿ ದಾಖಲೆಗಳ ಶೋಧವನ್ನೇ ಶಾಸ್ತ್ರವಾಗಿ ಕಲಿಸಿದರು.

ನಮ್ಮ ಅಧ್ಯಾಪಕಿಯವರು ಆ ವಾಕ್ಯವನ್ನು ಹೊಡೆದುಹಾಕಿದರು. ಅದರ ಸ್ಥಳದಲ್ಲಿ ಹಿಂದಿನ ಬರಹಗಳನ್ನು ವಿಮರ್ಶಿಸುವ ಹನ್ನೊಂದು ಪುಟಗಳು ಬಂದುವು, ಪ್ರಬಂಧದ ವ್ಯಾಪ್ತಿಯೂ ಎರಡು ತಾಲ್ಲೂಕುಗಳಿಗೆ ಇಳಿಯಿತು. ಅವರಿಗೆ ಅತ್ಯಂತ ಉಪಯುಕ್ತವಾದ ಲೇಖನ ಮಾತ್ರ ಯಾವ ದತ್ತಸಂಚಯದಲ್ಲಿಯೂ ಇರಲಿಲ್ಲ. ಇಂಡಿಯನ್ ಹಿಸ್ಟರಿ ಕಾಂಗ್ರೆಸ್ಸಿನ ಒಂದು ಬರಹದ ಅಡಿಟಿಪ್ಪಣಿಯಲ್ಲಿ ಒಂದು ಹಳೆಯ ಕನ್ನಡ ಪತ್ರಿಕೆಯ ಹೆಸರೂ ಸಂಪುಟದ ಸಂಖ್ಯೆಯೂ ಇದ್ದುವು. ಆ ಸಂಪುಟ ನಮ್ಮ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಕಟ್ಟು ಬಿಚ್ಚದೆ, ಮೂರನೆಯ ಸಾಲಿನ ಕೆಳಗಿನ ಹಲಗೆಯ ಮೇಲಿತ್ತು.